ದ್ರಾಕ್ಷಿಯ ಬೇರು ಅಗೆದ ಸಸ್ಯವಿಜ್ಞಾನಿ: ಝೂಲ್ ಎಮಿಲ್ ಪ್ಲಾಂಶೋನ್

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಸೆವೆನ್ ಬೆಟ್ಟಸಾಲಿನ ತಪ್ಪಲಲ್ಲಿ, ಎರೋ ನದಿಯ ದಂಡೆಯ ಮೇಲೆ ಗಾಂಝ್ ಎಂಬ ಪಟ್ಟಣವಿದೆ. ಇಂಗ್ಲಿಷರು ನಮ್ಮ ಗಂಗಾನದಿಯ ಹೆಸರನ್ನು ಯಾವ ಅಕ್ಷರಗಳಲ್ಲಿ ಬರೆಯುತ್ತಾರೋ ನಕ್ಷೆಯಲ್ಲಿ ಈ ಊರಿನ ಹೆಸರೂ ಅವೇ ಅಕ್ಷರಗಳಲ್ಲಿದೆ. ಅದರ ಹೊರತು ಎರಡಕ್ಕೂ ಸಂಬಂಧವಿಲ್ಲ. 1823ರ ಮಾರ್ಚ್ 21ರಂದು ಝೂಲ್ ಎಮಿಲ್ ಪ್ಲಾಂಶೋನ್ ಹುಟ್ಟಿದ್ದು ಇಲ್ಲಿ. ಫ್ರಾನ್ಸಿನ ದ್ರಾಕ್ಷಿಸೀಮೆಯಲ್ಲಿ ಈತನ ಹೆಸರು ಮನೆಮಾತು. ಗಿಡದ ರೋಗವೊಂದು ಇನ್ನೂ ತಲುಪದ ಸೀಮೆಯನ್ನು ಗುರುತಿಸಿ, ಅದರ ಸುತ್ತ ಕಾನೂನಿನ ಗೆರೆ ಎಳೆದು, ಗೆರೆಯೊಳಗೆ ಏನು ಬರಬಹುದು ಏನು ಬರಕೂಡದು ಎಂದು ಸರ್ಕಾರವೇ ನಿರ್ಧರಿಸುವ ಪದ್ಧತಿ ಇಂದು ಜಗತ್ತಿನ ಎಲ್ಲೆಡೆ ಇದೆ. ಅದು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂದದ್ದು ಪ್ಲಾಂಶೋನನ ಕಾಲದಲ್ಲಿ, ಅವನೇ ಹೆಸರಿಟ್ಟ ಒಂದು ಕೀಟದ ಕಾರಣದಿಂದ. ಆ ಗೆರೆಯ ಪ್ರಯೋಜನವನ್ನೂ ಅದರ ಕ್ರೌರ್ಯವನ್ನೂ ಅವನಷ್ಟು ಹತ್ತಿರದಿಂದ ಕಂಡವರು ಕಡಿಮೆ. ನಾನು ವಾಸಿಸುವ ದಕ್ಷಿಣ ಆಸ್ಟ್ರೇಲಿಯದಲ್ಲಿ ಅಂಥ ಗೆರೆ ಇಂದಿಗೂ ಉಳಿದಿರುವುದರಿಂದ, ಆತನ ಬದುಕನ್ನು ಕನ್ನಡದಲ್ಲಿ ಒಂದೆಡೆ ಬರೆದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ಪ್ಲಾಂಶೋನನದು ಸಾಧಾರಣ ಸ್ಥಿತಿಯ ಕುಟುಂಬ. ಮೋಂಪೆಲಿಯೇ ನಗರದಲ್ಲಿ ಓದಿ 1844ರಲ್ಲಿ ವಿಜ್ಞಾನದ ಡಾಕ್ಟರೇಟ್ ಪಡೆದನು. ಅದೇ ವರ್ಷ ಇಂಗ್ಲೆಂಡಿಗೆ ಹೋಗಿ, ಲಂಡನ್ ಬಳಿಯ ಕ್ಯೂ ಸಸ್ಯೋದ್ಯಾನದಲ್ಲಿ ಸರ್ ವಿಲಿಯಂ ಹೂಕರನ ಒಣಸಸ್ಯ ಸಂಗ್ರಹವನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದನು. ಜಗತ್ತಿನ ಮೂಲೆಮೂಲೆಗಳಿಂದ ಬಂದ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹೋಲಿಸಿ, ಹೆಸರಿಡುತ್ತ ಸುಮಾರು ನಾಲ್ಕು ವರ್ಷ ಅಲ್ಲಿದ್ದನು. ಸಸ್ಯಗಳ ಲ್ಯಾಟಿನ್ ಹೆಸರಿನ ಕೊನೆಯಲ್ಲಿ ಹೆಸರಿಟ್ಟವನ ಹೆಸರನ್ನು ಮೊಟಕುಗೊಳಿಸಿ ಸೇರಿಸುವ ವಾಡಿಕೆಯಿದೆ. ನಮ್ಮ ಊರುಗಳ ರಸ್ತೆಬದಿಯಲ್ಲಿ ಬೆಳೆಯುವ, ತೆಳ್ಳನೆಯ ರೆಕ್ಕೆಬೀಜಗಳನ್ನು ಬೇಸಗೆಯ ಗಾಳಿಗೆ ತೂರುವ ತಪಸಿ ಮರದ ಶಾಸ್ತ್ರೀಯ ಹೆಸರು ಹೊಲೊಪ್ಟೀಲಿಯ ಇಂಟೆಗ್ರಿಫೋಲಿಯ. ಅದರ ಬಾಲಕ್ಕೆ ಅಂಟಿಕೊಂಡಿರುವ ಮೊಟಕು ಹೆಸರು ಪ್ಲಾಂಶೋನನದು. ಹೊರದೇಶದ ಅಂಗಡಿಗಳಲ್ಲಿ ನಾವು ಕೊಳ್ಳುವ ಕಿವಿ ಹಣ್ಣಿನ ಬಳ್ಳಿಯ ಪ್ರಭೇದಕ್ಕೂ 1847ರಲ್ಲಿ ಚೀನದಿಂದ ಬಂದ ಮಾದರಿಯನ್ನು ನೋಡಿ ಶಾಸ್ತ್ರೀಯ ಹೆಸರು ಕೊಟ್ಟವನು ಅವನೇ. ಬಳಿಕ ಬೆಲ್ಜಿಯಮಿನ ಗೆಂಟ್, ಫ್ರಾನ್ಸಿನ ನಾನ್ಸಿ ನಗರಗಳಲ್ಲಿ ಕೆಲಕಾಲ ಪಾಠ ಹೇಳಿ, 1853ರಲ್ಲಿ ಮೋಂಪೆಲಿಯೇಗೆ ಮರಳಿದನು. ವೈದ್ಯಪದವಿಯನ್ನೂ ಪಡೆದಿದ್ದನು. ಪ್ರಾಧ್ಯಾಪಕನಾದನು, ಅಲ್ಲಿನ ಔಷಧಶಾಸ್ತ್ರ ಶಾಲೆಯ ನಿರ್ದೇಶಕನಾದನು. ನಲವತ್ತೈದನೆಯ ವಯಸ್ಸಿನವರೆಗೆ ಇದು ಒಬ್ಬ ಶಿಸ್ತಿನ ವಿದ್ವಾಂಸನ ಜೀವನಚರಿತ್ರೆ. ಅಲ್ಲಿಂದ ಮುಂದೆ ಅದರ ದಾರಿ ಬೇರೆಯಾಯಿತು.

1863ರ ಸುಮಾರಿಗೆ ರೋನ್ ನದಿಯ ಕೆಳಪಾತ್ರದಲ್ಲಿ, ಪ್ಯುಝೋ ಎಂಬ ಹಳ್ಳಿಯ ತೋಟಗಳಲ್ಲಿ ದ್ರಾಕ್ಷಿಬಳ್ಳಿಗಳು ಕಾರಣ ತಿಳಿಯದೆ ಸಾಯತೊಡಗಿದವು. ನಡುಬೇಸಗೆಯಲ್ಲಿ ಎಲೆ ಅಕಾಲದಲ್ಲಿ ಕೆಂಪಾಗುತ್ತಿತ್ತು. ಮರುವರ್ಷ ಚಿಗುರು ಕುಗ್ಗುತ್ತಿತ್ತು. ಮೂರನೆಯ ವರ್ಷಕ್ಕೆ ಬಳ್ಳಿ ಕೈಯಿಂದ ಎಳೆದರೆ ಕಿತ್ತು ಬರುತ್ತಿತ್ತು, ಏಕೆಂದರೆ ಅದಕ್ಕೆ ಬೇರೇ ಉಳಿದಿರುತ್ತಿರಲಿಲ್ಲ. ಬಟ್ಟೆಯ ಮೇಲೆ ಬಿದ್ದ ಎಣ್ಣೆಯ ಕಲೆ ಹರಡುವಂತೆ ರೋಗ ಒಂದು ಬಿಂದುವಿನಿಂದ ಸುತ್ತಲೂ ಹರಡಿತು. ಮಳೆ ಹೆಚ್ಚಾಯಿತು, ಚಳಿ ಹೆಚ್ಚಾಯಿತು, ಮಣ್ಣಿನ ಸತ್ವ ಕಡಿಮೆಯಾಯಿತು ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಸತ್ತ ಬಳ್ಳಿಗಳನ್ನು ಅಗೆದು ನೋಡಿದವರಿಗೆ ಕೊಳೆತ ಬೇರಿನ ಹೊರತು ಏನೂ ಕಾಣಲಿಲ್ಲ.

1868ರ ಜುಲೈ 15ರಂದು ಎರೋ ಕೃಷಿ ಸಂಘ ಕಳುಹಿಸಿದ್ದ ಮೂವರ ತಂಡ ಸೇಂಟ್ ರೆಮಿ ಬಳಿಯ ತೋಟವೊಂದನ್ನು ಪರೀಕ್ಷಿಸಿತು. ತಂಡದಲ್ಲಿದ್ದವರು ಪ್ಲಾಂಶೋನ್, ದ್ರಾಕ್ಷಿ ಬೆಳೆಗಾರ ಗಾಸ್ತೋನ್ ಬಾಝೀಲ್, ತೋಟಗಾರಿಕೆಯ ಪರಿಣತ ಫೆಲಿಕ್ಸ್ ಸಾಯು. ಸತ್ತ ಬಳ್ಳಿಯ ಪಕ್ಕದಲ್ಲಿ ಇನ್ನೂ ಹಸುರಾಗಿ ನಿಂತಿದ್ದ ಬಳ್ಳಿಯೊಂದನ್ನು ಅವರು ಅಗೆದರು. ಬೇರಿನ ಮೇಲೆ ಹಳದಿ ಬಣ್ಣದ ಧೂಳಿನಂಥದು ಕಂಡಿತು. ಭೂತಗನ್ನಡಿ ಹಿಡಿದು ನೋಡಿದರೆ ಆ ಧೂಳು ಜೀವಂತವಾಗಿತ್ತು: ಒಂದು ಮಿಲಿಮೀಟರ್ ಉದ್ದದ ಅಸಂಖ್ಯಾತ ಸಸ್ಯಹೇನುಗಳು ಬೇರಿಗೆ ಮೂತಿ ಚುಚ್ಚಿ ರಸ ಹೀರುತ್ತಿದ್ದವು. ಸಂಶೋಧನೆಯ ಗುಟ್ಟು ಇದ್ದದ್ದು ಅಗೆಯಲು ಆರಿಸಿಕೊಂಡ ಬಳ್ಳಿಯಲ್ಲಿ. ಬೇರು ಕೊಳೆಯತೊಡಗಿದೊಡನೆ ಹೇನುಗಳು ಆಹಾರ ಹುಡುಕಿಕೊಂಡು ಪಕ್ಕದ ಬಳ್ಳಿಗೆ ಹೋಗಿಬಿಡುತ್ತವೆ. ಹೆಣವನ್ನು ಕೊಯ್ದು ನೋಡುವವನಿಗೆ ಕೊಲೆಗಾರ ಸಿಗುವುದಿಲ್ಲ. ಪ್ಲಾಂಶೋನ್ ಈ ಹೇನಿಗೆ ಮೊದಲು ಒಂದು ಹೆಸರಿಟ್ಟು, ಸ್ವಲ್ಪದರಲ್ಲೇ ಅದನ್ನು ತಿದ್ದಿ ಫಿಲೊಕ್ಸೆರಾ ವಾಸ್ಟಾಟ್ರಿಕ್ಸ್ ಎಂದು ಕರೆದನು. ಮೊದಲ ಪದಕ್ಕೆ ಗ್ರೀಕಿನಲ್ಲಿ ಎಲೆ ಒಣಗಿಸುವುದು ಎಂದೂ ಎರಡನೆಯದಕ್ಕೆ ಲ್ಯಾಟಿನಿನಲ್ಲಿ ಹಾಳುಗೆಡಹುವವಳು ಎಂದೂ ಅರ್ಥ. ಸ್ತ್ರೀಲಿಂಗ ಸರಿಯಾಗಿಯೇ ಇದೆ. ಬೇರಿನ ಮೇಲಿರುವುದೆಲ್ಲ ಹೆಣ್ಣು. ಗಂಡಿನ ನೆರವಿಲ್ಲದೆ ಮೊಟ್ಟೆಯಿಟ್ಟು ಒಂದು ಬೇಸಗೆಯಲ್ಲೇ ಹಲವು ತಲೆಮಾರುಗಳನ್ನು ಬೆಳೆಸುತ್ತದೆ.

ಹುಳು ಕಂಡಿತು ಎಂದಮಾತ್ರಕ್ಕೆ ವಾದ ಮುಗಿಯಲಿಲ್ಲ. ಪ್ಯಾರಿಸಿನ ಹಿರಿಯ ಕೀಟಶಾಸ್ತ್ರಜ್ಞರಲ್ಲಿ ಹಲವರು, ಬಳ್ಳಿ ಬೇರೆ ಕಾರಣದಿಂದ ಸೊರಗಿದಾಗ ಹುಳು ಬಂದು ಕೂರುತ್ತದೆ, ಹುಳು ರೋಗದ ಫಲವೇ ಹೊರತು ಮೂಲವಲ್ಲ ಎಂದು ವಾದಿಸಿದರು. ರಾಜಧಾನಿಯ ಪಂಡಿತರು ಒಂದು ಕಡೆ, ದೂರದ ಪ್ರಾಂತದ ಒಬ್ಬ ಸಸ್ಯಶಾಸ್ತ್ರಿ ಇನ್ನೊಂದು ಕಡೆ; ಈ ತಕರಾರು ವರ್ಷಗಟ್ಟಲೆ ನಡೆಯಿತು. ಅಷ್ಟು ಹೊತ್ತು ಹುಳು ಸುಮ್ಮನೆ ಕೂರಲಿಲ್ಲ. ಪ್ಲಾಂಶೋನ್ ತನ್ನ ಹೆಂಡತಿಯ ಸೋದರ, ಕೀಟಶಾಸ್ತ್ರಜ್ಞ ಝೂಲ್ ಲಿಖ್ಟೆನ್‌ಸ್ಟೈನನ ಜೊತೆಗೂಡಿ ಪ್ರಯೋಗ ಮುಂದುವರಿಸಿದನು. ಅಮೆರಿಕದ ದ್ರಾಕ್ಷಿಯ ಎಲೆಯ ಮೇಲೆ ಗಂಟು ಕಟ್ಟುವ ಹೇನೂ ಫ್ರಾನ್ಸಿನ ಬೇರಿನ ಮೇಲಿರುವ ಹೇನೂ ಒಂದೇ ಎಂದು ಇಬ್ಬರೂ ತೋರಿಸಿದರು. ಎಲೆಯ ಹೇನನ್ನು ನ್ಯೂಯಾರ್ಕಿನ ಏಸಾ ಫಿಚ್ ಆ ಮೊದಲೇ, 1850ರ ದಶಕದಲ್ಲಿ, ವರ್ಣಿಸಿದ್ದನು. 1871ರಲ್ಲಿ ಅಮೆರಿಕದ ಮಿಸೌರಿ ಸಂಸ್ಥಾನದ ಕೀಟಶಾಸ್ತ್ರಜ್ಞ ಚಾರ್ಲ್ಸ್ ರೈಲಿ ಫ್ರಾನ್ಸಿಗೆ ಬಂದು ನೋಡಿ, ಎರಡೂ ಒಂದೇ ಎಂದು ಸಾಕ್ಷಿ ನುಡಿದನು. ಹುಳು ಅಮೆರಿಕದ್ದು ಎಂಬುದು ಅಲ್ಲಿಗೆ ಖಚಿತವಾಯಿತು.

ಬಂದದ್ದು ಹೇಗೆ? ಅದಕ್ಕೂ ಹಿಂದೆ, 1850ರ ದಶಕದಲ್ಲಿ, ಬೂದಿರೋಗವೊಂದು ಯುರೋಪಿನ ದ್ರಾಕ್ಷಿಯನ್ನು ಕಾಡಿತ್ತು. ಅಮೆರಿಕದ ಬಳ್ಳಿಗಳು ಆ ರೋಗವನ್ನು ತಡೆದುಕೊಳ್ಳುತ್ತವೆಂದು ಆಸಕ್ತರು ಬೇರುಸಹಿತ ಸಸಿಗಳನ್ನು ತರಿಸಿದರು. ರೋಕ್‌ಮೋರ್ ಪಟ್ಟಣದ ಬೋರ್ತಿ ಎಂಬ ವ್ಯಾಪಾರಿ 1862ರಲ್ಲಿ ನ್ಯೂಯಾರ್ಕಿನ ಗೆಳೆಯನಿಂದ ಬಂದ ಸಸಿಗಳನ್ನು ತನ್ನ ಹಿತ್ತಲಲ್ಲಿ ನೆಟ್ಟದ್ದು ಈ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಹಾಯಿಹಡಗಿನ ದೀರ್ಘ ಪಯಣದಲ್ಲಿ ಸತ್ತುಹೋಗುತ್ತಿದ್ದ ಹೇನುಗಳು ಉಗಿಹಡಗು ಬಂದಮೇಲೆ ಬದುಕಿ ದಡ ಸೇರಿದವು ಎಂದು ಇತಿಹಾಸಕಾರರು ಊಹಿಸುತ್ತಾರೆ. ಒಂದು ರೋಗಕ್ಕೆ ಮದ್ದೆಂದು ತಂದ ಗಿಡದ ಬೇರಿನಲ್ಲಿ ಇನ್ನೊಂದು ರೋಗ ಕುಳಿತು ಬಂದಿತ್ತು. ಊರಿನಿಂದ ಮರಳುವ ನಮ್ಮವರು ಸೂಟ್‌ಕೇಸಿನಲ್ಲಿಟ್ಟ ಕರಿಬೇವಿನ ಸಸಿಯನ್ನು ವಿಮಾನನಿಲ್ದಾಣದ ಅಧಿಕಾರಿ ಯಾಕೆ ಎತ್ತಿಕೊಳ್ಳುತ್ತಾರೆಂದು ಗೊಣಗುವುದನ್ನು ಕೇಳಿದ್ದೇನೆ. ಬೋರ್ತಿಯ ಹಿತ್ತಲು ಅದಕ್ಕೆ ಸಾಕಷ್ಟು ಉತ್ತರವೆಂದು ನನ್ನ ಅಭಿಪ್ರಾಯ.

1873ರಲ್ಲಿ ಫ್ರೆಂಚ್ ಸರ್ಕಾರ ಪ್ಲಾಂಶೋನನನ್ನು ಅಮೆರಿಕಕ್ಕೆ ಕಳುಹಿಸಿತು. ಆತನ ಬದುಕಿನ ನಡುಗಂಬ ಈ ಕೆಲವು ವಾರಗಳ ಪ್ರವಾಸ. ಪೂರ್ವದ ಸಂಸ್ಥಾನಗಳಿಂದ ಹಿಡಿದು ಉತ್ತರ ಕೆರೊಲಿನಾ, ಒಹಾಯೊ, ಮಿಸೌರಿಯವರೆಗೆ ಹೋದನು. ಕೆಲವೆಡೆ ರೈಲಿಯೇ ದಾರಿ ತೋರಿದನು. ಅಲ್ಲಿ ಕಂಡದ್ದು ಇದು: ಕಾಡಿನ ದ್ರಾಕ್ಷಿಬಳ್ಳಿಗಳ ಬೇರಿನಲ್ಲೂ ಅದೇ ಹುಳು ಇದೆ, ಆದರೆ ಬಳ್ಳಿ ಸಾಯುವುದಿಲ್ಲ. ಹುಳು ಚುಚ್ಚಿದ ಜಾಗದ ಸುತ್ತ ಅಮೆರಿಕದ ಬೇರು ಬೆಂಡಿನಂಥ ಪದರವನ್ನು ಕಟ್ಟಿಕೊಂಡು ಗಾಯವನ್ನು ಮುಚ್ಚಿಬಿಡುತ್ತದೆ. ಯುರೋಪಿನ ಬೇರಿಗೆ ಆ ವಿದ್ಯೆ ಗೊತ್ತಿಲ್ಲ. ಅದು ಊದಿಕೊಳ್ಳುತ್ತದೆ, ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಮಣ್ಣಿನ ಶಿಲೀಂಧ್ರಗಳು ಹೊಕ್ಕು ಕೊಳೆಸುತ್ತವೆ. ಅಮೆರಿಕದ ಪೂರ್ವತೀರದಲ್ಲಿ ನೆಲೆಸಿದ ಯುರೋಪಿನವರು ತಮ್ಮ ದೇಶದ ದ್ರಾಕ್ಷಿಯನ್ನು ಬೆಳೆಯಲು ಎರಡು ಶತಮಾನ ಹೆಣಗಿ ಸೋತದ್ದಕ್ಕೂ ಈ ಹುಳುವೇ ಒಂದು ಮುಖ್ಯ ಕಾರಣವೆಂದು ತಿಳಿಯಿತು. ಯುಗಯುಗಗಳಿಂದ ಒಟ್ಟಿಗೆ ಬಾಳಿದ ಗಿಡವೂ ಹುಳುವೂ ಒಂದು ಒಪ್ಪಂದಕ್ಕೆ ಬಂದಿರುತ್ತವೆ, ಹೊಸ ಗಿಡಕ್ಕೆ ಆ ಒಪ್ಪಂದ ಅನ್ವಯಿಸುವುದಿಲ್ಲ ಎಂಬ ಅರಿವು ಇಂದಿನ ಸಸ್ಯಸಂರಕ್ಷಣೆಯ ಬುನಾದಿಗಳಲ್ಲೊಂದು.

ಹಾಗಾದರೆ ಅಮೆರಿಕದ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟಬಾರದೇಕೆ? ಈ ಯೋಚನೆ ಪ್ಲಾಂಶೋನನೊಬ್ಬನದಲ್ಲ. ಬೋರ್ಡೋ ಸೀಮೆಯ ಲೇಯೋ ಲಾಲಿಮಾನ್ ತನ್ನ ತೋಟದ ಅಮೆರಿಕನ್ ಬಳ್ಳಿಗಳು ಬದುಕುಳಿದದ್ದನ್ನು 1869ರಲ್ಲೇ ಹೇಳಿದ್ದನು. ಬಾಝೀಲನು ಕಸಿಯ ಮಾತೆತ್ತಿದ್ದನು. ಪ್ಲಾಂಶೋನನು ಅದಕ್ಕೆ ವಿಜ್ಞಾನದ ಬಲ ಕೊಟ್ಟನು. 1875ರಲ್ಲಿ ಅಮೆರಿಕದ ಬಳ್ಳಿಗಳು, ಅವುಗಳ ಬೇಸಾಯ ಮತ್ತು ಯುರೋಪಿನಲ್ಲಿ ಅವುಗಳ ಭವಿಷ್ಯವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದನು. ಆ ಬಳ್ಳಿಗಳ ಹಣ್ಣನ್ನೇ ಹಿಂಡಿದರೆ ಬರುವ ದ್ರಾಕ್ಷಾರಸಕ್ಕೆ ನರಿಯ ವಾಸನೆಯಿದೆಯೆಂದು ಫ್ರೆಂಚರು ಮೂಗು ಮುರಿಯುತ್ತಿದ್ದರು. ಆ ವಾಸನೆ ನಮಗೆ ಅಪರಿಚಿತವಲ್ಲ. ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿರುವುದೂ ಅಮೆರಿಕದ ಅದೇ ವಂಶದ ಘಮ. ಕಸಿಯಲ್ಲಿ ಆ ತೊಡಕಿಲ್ಲ: ಬೇರು ಅಮೆರಿಕದ್ದು, ಹಣ್ಣು ಫ್ರಾನ್ಸಿನದು.

ಇದಕ್ಕೆ ಎದುರಾಗಿ ಇನ್ನೊಂದು ಪಕ್ಷ ನಿಂತಿತ್ತು. ಮಣ್ಣಿನೊಳಗೆ ವಿಷವಾಯು ತುಂಬಿ ಹುಳುವನ್ನು ಕೊಲ್ಲಬೇಕೆಂಬುದು ಅವರ ಮತ. ಕಾರ್ಬನ್ ಡೈಸಲ್ಫೈಡ್ ಎಂಬ, ಬೆಂಕಿ ಸೋಕಿದರೆ ಭುಗಿಲೇಳುವ, ಕೆಟ್ಟ ನಾತದ ದ್ರವವನ್ನು ದೊಡ್ಡ ಸಿರಿಂಜಿನಂಥ ಉಪಕರಣದಿಂದ ಪ್ರತಿ ಬಳ್ಳಿಯ ಸುತ್ತಲೂ ನೆಲಕ್ಕೆ ಚುಚ್ಚುತ್ತಿದ್ದರು. ರೈಲ್ವೆ ಕಂಪನಿಯೊಂದು ಪೀಪಾಯಿಗಳಲ್ಲಿ ಅದನ್ನು ಒದಗಿಸಿತು. ಹೆಸರಾಂತ ರಸಾಯನಶಾಸ್ತ್ರಜ್ಞ ಝಾಂ ಬಾತೀಸ್ತ್ ದ್ಯುಮಾ ಈ ಪಕ್ಷದ ಹಿರಿಯನು. ಸರ್ಕಾರದ ಫಿಲೊಕ್ಸೆರಾ ಮಂಡಲಿಯೂ ಅವನ ಕೈಯಲ್ಲಿತ್ತು. ಚಿಕಿತ್ಸೆಯನ್ನು ಪ್ರತಿವರ್ಷ ಮಾಡಬೇಕು, ಅದರ ಖರ್ಚನ್ನು ತಡೆದುಕೊಳ್ಳಲು ಆಗುತ್ತಿದ್ದದ್ದು ಬೆಲೆಬಾಳುವ ತೋಟಗಳ ಒಡೆಯರಿಗೆ ಮಾತ್ರ. ಕಾಲುವೆಯ ಪಕ್ಕದವರು ಚಳಿಗಾಲದಲ್ಲಿ ತೋಟವನ್ನು ಸುಮಾರು ನಲವತ್ತು ದಿನ ನೀರಿನಲ್ಲಿ ಮುಳುಗಿಸಿ ಹುಳುವನ್ನು ಉಸಿರುಗಟ್ಟಿಸಿದರು. ಸಮುದ್ರತೀರದ ಮರಳಿನಲ್ಲಿ ಹುಳು ಬದುಕದೆಂದು ತಿಳಿದು ಕೆಲವರು ಅಲ್ಲಿಗೆ ಹೋಗಿ ಬಳ್ಳಿ ನೆಟ್ಟರು. ಕಾಲುವೆಯೂ ಇಲ್ಲದ, ಮರಳೂ ಇಲ್ಲದ, ಹಣವೂ ಇಲ್ಲದ ಸಣ್ಣ ಹಿಡುವಳಿದಾರರೇ ಎರೋ ಪ್ರಾಂತದಲ್ಲಿ ಹೆಚ್ಚು. ಪ್ಲಾಂಶೋನನ ಮಾತಿಗೆ ಕಿವಿಗೊಟ್ಟವರು ಮುಖ್ಯವಾಗಿ ಅವರು. ಪರಿಹಾರ ಕಂಡುಹಿಡಿದವರಿಗೆ ಸರ್ಕಾರ ಘೋಷಿಸಿದ್ದ ಬಹುಮಾನ 1874ರಲ್ಲಿ 3 ಲಕ್ಷ ಫ್ರಾಂಕಿಗೆ ಏರಿತು. ಅದು ಕೊನೆಗೂ ಯಾರ ಕೈಗೂ ಸೇರಲಿಲ್ಲ.

ಗೆರೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಪ್ಲಾಂಶೋನನು ಹುಳುವನ್ನು ಕಂಡ ದಿನದಿಂದ ಸರಿಯಾಗಿ ಹತ್ತು ವರ್ಷಕ್ಕೆ, 1878ರ ಜುಲೈ 15ರಂದು, ಫ್ರಾನ್ಸ್ ಒಂದು ಕಾನೂನನ್ನು ಮಾಡಿತು; ಮರುವರ್ಷದ ಆಗಸ್ಟ್ 2ರಂದು ಅದನ್ನು ತಿದ್ದಿ ಬಲಪಡಿಸಿತು. ದೇಶದ ಆಡಳಿತ ವಿಭಾಗಗಳನ್ನು ಹುಳು ಹೊಕ್ಕವು, ಹೊಗದವು ಎಂದು ಬೇರ್ಪಡಿಸಿ ನಕ್ಷೆ ತಯಾರಿಸಲಾಯಿತು. ಹೊಕ್ಕ ಸೀಮೆಯಿಂದ ಹೊಗದ ಸೀಮೆಗೆ ಬಳ್ಳಿ, ಬೇರು, ಕಡ್ಡಿ ಸಾಗಿಸುವುದು ನಿಷಿದ್ಧವಾಯಿತು. ಹೊಸದಾಗಿ ಹುಳು ಕಂಡ ಕಡೆ ಸರ್ಕಾರವೇ ನುಗ್ಗಿ ಕಡ್ಡಾಯವಾಗಿ ಮದ್ದು ಹಾಕಬಹುದಾಯಿತು. ಆದರೆ ಗಾಳಿಯಲ್ಲಿ ತೇಲುವ ಮರಿಹೇನು, ಕೂಲಿಯವನ ಬೂಟಿಗಂಟಿದ ಮಣ್ಣು ದೇಶದ ಗಡಿಯನ್ನು ಕೇಳುವುದಿಲ್ಲವಷ್ಟೆ. ಅದೇ 1878ರ ಸೆಪ್ಟೆಂಬರಿನಲ್ಲಿ ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡವು. 1881ರ ನವೆಂಬರ್ 3ರಂದು ಅದು ಪರಿಷ್ಕೃತ ರೂಪ ಪಡೆಯಿತು. ಗಿಡಗಳ ಆರೋಗ್ಯಕ್ಕಾಗಿ ದೇಶದೇಶಗಳು ಕೈಜೋಡಿಸಿದ ಮೊದಲ ಒಪ್ಪಂದವಿದು. ಇಂದು ಹಣ್ಣು, ಬೀಜ, ಸಸಿ ಗಡಿ ದಾಟುವಾಗ ಜೊತೆಗಿರಬೇಕಾದ ಆರೋಗ್ಯಪತ್ರದ ವಂಶಾವಳಿಯನ್ನು ಹುಡುಕಿದರೆ, 1951ರ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಒಪ್ಪಂದದ ಮೂಲಕ ಬರ್ನ್ ನಗರಕ್ಕೆ ಹೋಗಿ ಸೇರುತ್ತೇವೆ. ಯುರೋಪಿನ ಒಕ್ಕೂಟದ ನಿಯಮಗಳಲ್ಲಿ ರಕ್ಷಿತ ವಲಯ ಎಂಬ ಹೆಸರಿನಲ್ಲೇ ಈ ಪದ್ಧತಿ ಮುಂದುವರಿದಿದೆ. ಖಂಡದ ತುಂಬ ಹುಳು ನೆಲೆಸಿದಮೇಲೂ ಸೈಪ್ರಸ್ ದ್ವೀಪ ಫಿಲೊಕ್ಸೆರಾದ ಮಟ್ಟಿಗೆ ಅಂಥ ವಲಯವಾಗಿ ಉಳಿದಿದೆ.

ಯುರೋಪ್ ಒಪ್ಪಂದ ಬರೆಯುವ ಮೊದಲೇ ಹುಳು ದಕ್ಷಿಣ ಗೋಳಾರ್ಧಕ್ಕೆ ಬಂದಿತ್ತು. 1877ರಲ್ಲಿ ವಿಕ್ಟೋರಿಯಾ ಪ್ರಾಂತದ ಜೀಲಾಂಗ್ ಬಳಿ ಅದು ಕಂಡಿತು. ಸರ್ಕಾರ ಅಲ್ಲಿಯ ತೋಟಗಳನ್ನು ಬೇರುಸಹಿತ ಕೀಳಿಸಿತು. ಆದರೂ ಹುಳು ಬೆಂಡಿಗೋಗೆ, ಆಮೇಲೆ ರುದರ್‌ಗ್ಲೆನ್ನಿಗೆ ಸಾಗಿತು. ಪಕ್ಕದ ದಕ್ಷಿಣ ಆಸ್ಟ್ರೇಲಿಯ ಇದನ್ನು ನೋಡಿ ಕಲಿತುಕೊಂಡಿತು. 1899ರಲ್ಲಿ ಫಿಲೊಕ್ಸೆರಾ ಕಾಯಿದೆ ಮಾಡಿ, ಬೆಳೆಗಾರರಿಂದಲೇ ವಂತಿಗೆ ಪಡೆದು ನಡೆಯುವ ಮಂಡಲಿಯನ್ನು ಸ್ಥಾಪಿಸಿತು. ಹುಳು ಬಂದಮೇಲೆ ಎಳೆದ ಗೆರೆಗೂ ಬರುವ ಮೊದಲು ಎಳೆದ ಗೆರೆಗೂ ಇರುವ ವ್ಯತ್ಯಾಸ ಇಲ್ಲಿ ಕಾಣುತ್ತದೆ: ದಕ್ಷಿಣ ಆಸ್ಟ್ರೇಲಿಯದೊಳಗೆ ಹುಳು ಈವರೆಗೂ ಹೊಕ್ಕಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಬರೋಸಾ ಕಣಿವೆಯಲ್ಲಿ ಕಸಿಯಿಲ್ಲದೆ, ತಮ್ಮದೇ ಬೇರಿನ ಮೇಲೆ ನಿಂತಿವೆ; ಮೊಣಕಾಲೆತ್ತರದ ಅವುಗಳ ಕಾಂಡ ನಮ್ಮ ಹಳೆಯ ಹುಣಸೆಮರದ ಕೊಂಬೆಯಷ್ಟು ದಪ್ಪವಾಗಿ ತಿರುಚಿಕೊಂಡಿರುತ್ತದೆ. ಇಡೀ ಆಸ್ಟ್ರೇಲಿಯ ಇಂದು ಹುಳು ಹೊಕ್ಕ ವಲಯ, ಅಪಾಯದ ವಲಯ, ಹುಳುವನ್ನು ಹೊರಗಿಟ್ಟ ವಲಯ ಎಂದು ವಿಂಗಡವಾಗಿದೆ. ದ್ರಾಕ್ಷಿ, ಸಸಿ, ಕೊಯ್ಲಿನ ಯಂತ್ರ, ಕೊನೆಗೆ ಕೂಲಿಯವರ ಬೂಟು ಕೂಡ ಒಂದರಿಂದ ಇನ್ನೊಂದಕ್ಕೆ ಹೋಗಲು ನಿಯಮಗಳಿವೆ. ಮಿಲ್ಡೂರಾದಿಂದ ರೆನ್ಮಾರ್ಕಿನ ಕಡೆಗೆ ಹೆದ್ದಾರಿಯಲ್ಲಿ ಬರುವವರನ್ನು ಯಾಂಬಾ ಎಂಬಲ್ಲಿ ಹಗಲಿರುಳೂ ತಡೆದು ಪರೀಕ್ಷಿಸುತ್ತಾರೆ. ಅಲ್ಲಿನ ಮುಖ್ಯ ಗುರಿ ಹಣ್ಣುನೊಣವಾದರೂ ಬುತ್ತಿಯಲ್ಲಿರುವ ದ್ರಾಕ್ಷಿಗೊಂಚಲಿಗೂ ಪ್ರವೇಶವಿಲ್ಲ. ವಿಕ್ಟೋರಿಯಾದ ಯಾರಾ ಕಣಿವೆಯಲ್ಲಿ 2006ರಲ್ಲಿ ಹುಳು ಕಂಡಮೇಲೆ ಇಲ್ಲಿಯ ತೋಟಗಳ ಬಾಗಿಲಲ್ಲಿ ಎಚ್ಚರ ಇನ್ನೂ ಹೆಚ್ಚಿತು. ಬೂಟನ್ನು ಕ್ಲೋರಿನ್ ನೀರಿನಲ್ಲಿ ಅದ್ದದೆ ಬಳ್ಳಿಗಳ ಸಾಲಿಗೆ ಕಾಲಿಡಲು ಬಿಡದ ತೋಟಗಳನ್ನು ನಾನೇ ಕಂಡಿದ್ದೇನೆ.

ಫ್ರಾನ್ಸಿನ ಗೆರೆಯ ಕಥೆ ಇಷ್ಟು ಸರಳವಾಗಿರಲಿಲ್ಲ. ಪ್ಲಾಂಶೋನನ ಮದ್ದೇ ಅಮೆರಿಕದ ಬೇರು. ಆ ಬೇರಿನ ಜೊತೆಗೆ ಹುಳು ಬರುವ ಸಂಭವವಿತ್ತು. ಎರೋ ಪ್ರಾಂತ ಹೇಗೂ ಹಾಳಾಗಿತ್ತು. ಅಲ್ಲಿಯವನಿಗೆ ಅಮೆರಿಕದ ಕಡ್ಡಿ ಬದುಕಿನ ಕೊನೆಯ ಆಸರೆ. ಬರ್ಗಂಡಿಯಲ್ಲಿ ಬಳ್ಳಿಗಳು ಇನ್ನೂ ಹಸುರಾಗಿದ್ದವು. ಅಲ್ಲಿಯವನಿಗೆ ಅದೇ ಕಡ್ಡಿ ವಿಷ. ಒಂದೇ ವಸ್ತು ಗೆರೆಯ ಒಂದು ಕಡೆ ಔಷಧ, ಇನ್ನೊಂದು ಕಡೆ ಅಪರಾಧ. ಹೀಗಾಗಿ ಹುಳು ಹೊಕ್ಕವೆಂದು ಘೋಷಿತವಾದ ಕಡೆ ಅಮೆರಿಕದ ಬಳ್ಳಿಗೆ ಅನುಮತಿ, ಉಳಿದೆಡೆ ನಿಷೇಧ. ಆ ಗಳಿಗೆಯ ಮಟ್ಟಿಗೆ ಇದು ನ್ಯಾಯವಾದ ಏರ್ಪಾಡೇ. ತೊಡಕು ಬಂದದ್ದು ಆಮೇಲೆ. ಬರ್ಗಂಡಿಯ ಮೆರ್ಸೋ ಬಳಿ 1878ರಲ್ಲಿ ಹುಳು ಕಂಡಿತು. ಆದರೂ ಅಲ್ಲಿಯ ದೊಡ್ಡ ತೋಟಗಳ ಒಡೆಯರು ನಿಷೇಧವನ್ನು ಬಿಡಲೊಪ್ಪಲಿಲ್ಲ. ವಿಷವಾಯುವಿನಿಂದ ಹುಳುವನ್ನು ತಡೆಯಬಹುದೆಂಬ ನಂಬಿಕೆ, ಪರದೇಶದ ಬೇರಿನಿಂದ ತಮ್ಮ ಹೆಸರಾಂತ ಹಣ್ಣಿನ ರುಚಿ ಕೆಡುತ್ತದೆಂಬ ಅಂಜಿಕೆ, ಎರಡೂ ಸೇರಿಕೊಂಡವು. ಬಡ ಬೆಳೆಗಾರನಿಗೆ ಮದ್ದು ಹಾಕಿಸಲು ಹಣವಿಲ್ಲ, ಕಸಿ ಕಟ್ಟಲು ಅನುಮತಿಯಿಲ್ಲ. ಕೆಲವು ಹಳ್ಳಿಗಳಲ್ಲಿ ಮದ್ದು ಹಾಕಲು ಬಂದ ಸರ್ಕಾರಿ ತಂಡಗಳನ್ನು ಜನರು ಅಡ್ಡಗಟ್ಟಿ ಓಡಿಸಿದರು. ಅಲ್ಲಿ ನಿಷೇಧ ತೆರವಾದದ್ದು 1887ರಲ್ಲಿ.

ಹಾಗೆಂದು ಗೆರೆ ಎಳೆದವರ ಅಂಜಿಕೆ ಬರಿಯ ಹಟವಾಗಿರಲಿಲ್ಲ. ಪ್ಲಾಂಶೋನನ ಬದುಕನ್ನು ಬರೆಯುವವರು ಕೆಲವೊಮ್ಮೆ ಇದನ್ನು ಮರೆಯುತ್ತಾರೆ. ಅಮೆರಿಕದಿಂದ ಮೊದಮೊದಲು ಬಂದ ಬಳ್ಳಿಗಳಲ್ಲಿ ಹಲವು ಹುಳುವಿಗೆ ಸರಿಯಾಗಿ ಜಗ್ಗದೆ ನಿಲ್ಲಲಿಲ್ಲ. ಅವನ್ನು ನಂಬಿ ನೆಟ್ಟವರು ಎರಡನೆಯ ಸಲ ನಷ್ಟಪಟ್ಟರು. ಅದಕ್ಕಿಂತ ಮಿಗಿಲಾದ ಅನಾಹುತವೆಂದರೆ, ಬಳ್ಳಿಗಳ ಜೊತೆ ಹೊಸ ರೋಗಗಳು ಬಂದವು. 1878ರಲ್ಲಿ ಫ್ರಾನ್ಸಿನ ದ್ರಾಕ್ಷಿಎಲೆಯ ಕೆಳಗೆ ಬಿಳಿಯ ಬೂಷ್ಟು ಕಾಣಿಸಿಕೊಂಡಾಗ, ಅದು ಅಮೆರಿಕದ ಕೆಳಬೂಜುರೋಗವೆಂದು ಗುರುತಿಸಿದ ಮೊದಲಿಗರಲ್ಲಿ ಪ್ಲಾಂಶೋನನೂ ಒಬ್ಬ. ತಾನು ತೆರೆಸಿದ ಬಾಗಿಲಿನಿಂದ ಒಳಬಂದ ಶತ್ರುವನ್ನು ತಾನೇ ಹೆಸರಿಡಿದು ಕರೆಯಬೇಕಾಯಿತು. 1885ರಲ್ಲಿ ಇನ್ನೊಂದು ರೋಗ, ಹಣ್ಣನ್ನು ಕರಿಕಲಾಗಿಸುವ ಕಪ್ಪುಕೊಳೆ, ಯುರೋಪಿನಲ್ಲಿ ಮೊದಲ ಬಾರಿಗೆ ಕಂಡಿತು. ಕಂಡ ಜಾಗ ಗಾಂಝ್, ಅವನು ಹುಟ್ಟಿದ ಊರು.

ಕೆಳಬೂಜಿಗೆ ಮದ್ದು ಹುಡುಕುತ್ತ ಬೋರ್ಡೋ ವಿಶ್ವವಿದ್ಯಾಲಯದ ಪಿಯೇರ್ ಅಲೆಕ್ಸಿ ಮಿಲಾರ್ದೇ 1885ರಲ್ಲಿ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು ಪ್ರಕಟಿಸಿದನು. ಮುಂದಿನದು ನಮ್ಮ ಮಲೆನಾಡಿನ ಕಥೆ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗದ ಕಾರಣವನ್ನು ವಿವರಿಸಿ, ಅದನ್ನು ತಡೆಯಲು ಈ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಮಳೆಗಾಲಕ್ಕೆ ಮುಂಚೆ ಕೊನೆಗಾರ ಮರವೇರಿ ಅಡಿಕೆಗೊನೆಗೆ ನೀಲಿ ಔಷಧಿ ಹೊಡೆಯುವಾಗ, ಆ ಔಷಧಿಯ ಹುಟ್ಟು ದೂರದ ದ್ರಾಕ್ಷಿಸೀಮೆಯ ಈ ಸರಣಿ ಸಂಕಟದಲ್ಲಿದೆ ಎಂಬುದು ನಮ್ಮ ತೋಟಿಗರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಪ್ಲಾಂಶೋನನು ಕೊನೆಯ ವರ್ಷಗಳಲ್ಲಿ ತನ್ನ ಮೊದಲ ಪ್ರೀತಿಗೆ ಮರಳಿದನು. 1881ರಲ್ಲಿ ಮೋಂಪೆಲಿಯೇಯ ಸಸ್ಯೋದ್ಯಾನದ ನಿರ್ದೇಶಕನಾದನು. ಜಗತ್ತಿನ ದ್ರಾಕ್ಷಿಕುಟುಂಬದ ಎಲ್ಲ ಸಸ್ಯಗಳನ್ನೂ ವಿಂಗಡಿಸುವ ದೊಡ್ಡ ಗ್ರಂಥವನ್ನು ಬರೆದು 1887ರಲ್ಲಿ ಪ್ರಕಟಿಸಿದನು. ಒಣ ಹಾಳೆಗಳ ಈ ವಿದ್ವತ್ತು ಹೊಲದ ಕಷ್ಟಕ್ಕೆ ಒದಗಿದ ಬಗೆ ಸ್ವಾರಸ್ಯಕರವಾಗಿದೆ. ಸುಣ್ಣದ ಅಂಶ ಹೆಚ್ಚಿರುವ ಕೊನ್ಯಾಕ್, ಶಾಂಪೇನ್ ಸೀಮೆಗಳ ಬಿಳಿ ಮಣ್ಣಿನಲ್ಲಿ ಅಮೆರಿಕದ ಸಾಮಾನ್ಯ ಬೇರುಸಸಿಗಳು ಎಲೆ ಹಳದಿಯಾಗಿ ಸಾಯುತ್ತಿದ್ದವು. ಅಂಥದೇ ಮಣ್ಣಿನಲ್ಲಿ ಬೆಳೆಯುವ ಬಳ್ಳಿಯನ್ನು ಹುಡುಕಿಕೊಂಡು 1887ರಲ್ಲಿ ಮೋಂಪೆಲಿಯೇಯ ಪಿಯೇರ್ ವಿಯಾಲ ಅಮೆರಿಕಕ್ಕೆ ಹೋದನು. ಟೆಕ್ಸಾಸಿನಲ್ಲಿ ಟಿ. ವಿ. ಮನ್ಸನ್ ಎಂಬ ಬೆಳೆಗಾರ ಸುಣ್ಣಕಲ್ಲಿನ ಗುಡ್ಡಗಳ ಬಳ್ಳಿಯೊಂದನ್ನು ಅವನಿಗೆ ತೋರಿಸಿದನು. ಅದಕ್ಕೆ ವೈಟಿಸ್ ಬರ್ಲಾಂಡಿಯೇರಿ ಎಂಬ ಹೆಸರನ್ನು 1880ರಲ್ಲೇ ಕೊಟ್ಟಿದ್ದವನು ಪ್ಲಾಂಶೋನ್. ಸುಣ್ಣದ ನೆಲಕ್ಕೆ ಒಗ್ಗುವ ಬೇರುಸಸಿಗಳು ಮುಂದೆ ಈ ಬಳ್ಳಿಯ ಸಂಕರದಿಂದ ಬಂದವು.

ಟೆಕ್ಸಾಸಿನದೇ ಇನ್ನೊಂದು ಬಳ್ಳಿ ವೈಟಿಸ್ ಶಾಂಪಿನಿಯೈ. ಅದರ ಹೆಸರೂ ಪ್ಲಾಂಶೋನನದು. ಮನ್ಸನ್ ಆ ಬಳ್ಳಿಯಿಂದ ಆರಿಸಿದ ತಳಿಯನ್ನು ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು ಚೆನ್ನಾಗಿ ಬಲ್ಲರು: ಅದೇ ಡಾಗ್ ರಿಡ್ಜ್. ಅವರು ಅದನ್ನು ನೆಡುವುದು ಹೇನಿನ ಭಯದಿಂದಲ್ಲ, ಉಪ್ಪುನೀರನ್ನೂ ಬರಗಾಲವನ್ನೂ ತಡೆದುಕೊಳ್ಳುವ ಬೇರೆಂಬ ಕಾರಣಕ್ಕೆ. ಡಾಗ್ ರಿಡ್ಜ್ ನೆಟ್ಟು, ಅದರ ಮೇಲೆ ಥಾಮ್ಸನ್ ಸೀಡ್‌ಲೆಸ್ ಕಸಿ ಕಟ್ಟುವ ಅಲ್ಲಿನ ರೈತರು ಮಾಡುತ್ತಿರುವುದು ಮೋಂಪೆಲಿಯೇಯ ಪ್ರಾಧ್ಯಾಪಕ 1870ರ ದಶಕದಲ್ಲಿ ತನ್ನ ಪ್ರಾಂತದವರಿಗೆ ಹೇಳುತ್ತಿದ್ದ ಕೆಲಸವನ್ನೇ.

ಫ್ರಾನ್ಸಿನ ದ್ರಾಕ್ಷಾರಸದ ಉತ್ಪತ್ತಿ 1875ರಲ್ಲಿ 8 ಕೋಟಿ ಹೆಕ್ಟೊಲೀಟರನ್ನು ಮೀರಿದ್ದದ್ದು 1889ರ ಹೊತ್ತಿಗೆ ಸುಮಾರು 2.3 ಕೋಟಿಗೆ ಇಳಿಯಿತು. ಆ ಅತಿ ಕೆಳಗಿನ ವರ್ಷವನ್ನೂ ಅಲ್ಲಿಂದ ಮೇಲೆದ್ದದ್ದನ್ನೂ ನೋಡಲು ಪ್ಲಾಂಶೋನ್ ಇರಲಿಲ್ಲ. 1888ರ ಏಪ್ರಿಲ್ 1ರಂದು ಮೋಂಪೆಲಿಯೇಯಲ್ಲಿ ತೀರಿಕೊಂಡಿದ್ದನು. ಮುಂದಿನ ಕೆಲವು ದಶಕಗಳಲ್ಲಿ ಫ್ರಾನ್ಸಿನ ಬಹುಪಾಲು ತೋಟಗಳು ಕಸಿಕಟ್ಟಿದ ಬಳ್ಳಿಗಳಿಂದ ತುಂಬಿದವು. ಶಾಂಪೇನ್ ಸೀಮೆಯೂ ಕೊನೆಗೆ ಅದೇ ದಾರಿ ಹಿಡಿಯಿತು. ಮೋಂಪೆಲಿಯೇಯ ರೈಲುನಿಲ್ದಾಣದಿಂದ ಹೊರಬಂದರೆ ಎದುರಿಗೇ ಅವನ ಹೆಸರಿನ ಉದ್ಯಾನವಿದೆ. 1894ರಲ್ಲಿ ಅಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಕಂಬದ ಮೇಲೆ ಪ್ಲಾಂಶೋನನ ಎದೆಮಟ್ಟದ ಪ್ರತಿಮೆ. ಕೆಳಗೆ ದ್ರಾಕ್ಷಿತೋಟದ ರೈತನೊಬ್ಬ ನಿಂತು ಅವನತ್ತ ಹಣ್ಣಿನ ಗೊಂಚಲನ್ನು ಎತ್ತಿ ಹಿಡಿದಿದ್ದಾನೆ.